ಎರಡು ಉರುಳೆಗಳ ನಡುವಿನ ಸಂದು

ರೋಲರ್ ಮಿಲ್ಲಿನ ಒಡಲಲ್ಲಿ ಇರುವುದು ಎರಡೇ ಉರುಳೆ. ಅಕ್ಕಪಕ್ಕ ಮಲಗಿಸಿದ, ಒಂದರ ಕಡೆಗೆ ಇನ್ನೊಂದು ತಿರುಗುವ ಕಬ್ಬಿಣದ ಉರುಳೆಗಳು. ಮೇಲಿನಿಂದ ಬಿದ್ದ ಕಾಳನ್ನು ಅವು ನಡುವಿನ ಸಂದಿಗೆ ಎಳೆದುಕೊಂಡು, ಒಡೆದು, ಕೆಳಗೆ ಉದುರಿಸುತ್ತವೆ. ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತವರಿಗೆ ಈ ನೋಟ ಹೊಸದಲ್ಲ. ಅಲ್ಲಿಯೂ ಜಲ್ಲೆ ಒಮ್ಮೆ ಹಾಯ್ದರೆ ಕೆಲಸ ಮುಗಿಯುವುದಿಲ್ಲ. ಅಂಗಡಿಯಾತ ಸಿಪ್ಪೆಯನ್ನು ಮಡಚಿ, ನಡುವೆ ನಿಂಬೆಹಣ್ಣನ್ನೋ ಶುಂಠಿಯನ್ನೋ ಇಟ್ಟು, ಮತ್ತೆ ಮತ್ತೆ ಹಾಯಿಸುತ್ತಾನೆ. ಧಾನ್ಯದ ರೋಲರ್ ಮಿಲ್ಲಿನಲ್ಲಿ ಇದಕ್ಕೆ ಎರಡು ಸಂಗತಿ ಸೇರಿವೆ. ಉರುಳೆಗಳ ನಡುವಿನ ಸಂದನ್ನು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಬಿಗಿ ಅಥವಾ ಸಡಿಲ ಮಾಡಬಹುದು. ಜೊತೆಗೆ, ಹಿಟ್ಟಿನ ಮಿಲ್ಲಿನ ಎರಡು ಉರುಳೆಗಳು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಮೈದಾ, ಬಿಯರ್ ತಯಾರಿಸುವವರ ಮಾಲ್ಟಿನ ನುಚ್ಚು, ಅಕ್ಕಿ ಗಿರಣಿಯಲ್ಲಿ ಭತ್ತದ ಸಿಪ್ಪೆ ಬಿಡಿಸುವುದು, ಎಲ್ಲದರ ಹಿಂದೆಯೂ ಈ ಸಂದಿನ ಲೆಕ್ಕಾಚಾರವೇ ಇದೆ.

ಕಾಳನ್ನು ಪುಡಿ ಮಾಡುವುದಕ್ಕೆ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಪುಡಿಗೆ ಬೀಸುವ ಕಲ್ಲು ಸಾಕು. ಸಾವಿರಾರು ವರ್ಷ ಸಾಕಾಗಿದೆ. ಮೇಲಿನ ಕಲ್ಲು ತಿರುಗುತ್ತದೆ, ಕೆಳಗಿನದು ಕೂತಿರುತ್ತದೆ, ಕಾಳು ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಹೋಗುವಾಗ ಉದ್ದಕ್ಕೂ ಉಜ್ಜಿಸಿಕೊಳ್ಳುತ್ತದೆ. ಹೊಟ್ಟು, ತಿರುಳು, ಮೊಳಕೆ ಮೂರೂ ಒಟ್ಟಿಗೆ ನುರಿದು ಒಂದೇ ಹಿಟ್ಟಾಗುತ್ತವೆ. ರೋಲರ್ ಮಿಲ್ಲಿನಲ್ಲಿ ಕಾಳು ಉರುಳೆಗಳ ಹಿಡಿತದಲ್ಲಿ ಇರುವುದು ಎರಡು ಸೆಂಟಿಮೀಟರಿಗೂ ಕಡಿಮೆ ದಾರಿ, ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲಿ ಒಂದೇ ಒಂದು ಪೆಟ್ಟು. ಆ ಪೆಟ್ಟು ಎಷ್ಟು ಮೆತ್ತಗೆ, ಎಷ್ಟು ಗಟ್ಟಿ ಎಂಬುದು ಮಿಲ್ಲಿನವರ ಕೈಯಲ್ಲಿರುತ್ತದೆ. ಈ ಯಂತ್ರ ಹುಟ್ಟಿದ್ದು ಬೇರ್ಪಡಿಸುವುದಕ್ಕೆ; ಹಿಟ್ಟು ಅದರ ಕೊನೆಯ ಫಲ.

ಬೇರ್ಪಡಿಸಬೇಕಾದ್ದು ಏನು ಎಂಬುದಕ್ಕೆ ಗೋಧಿಯನ್ನೇ ನೋಡಬೇಕು. ತೂಕದ ಲೆಕ್ಕದಲ್ಲಿ ಗೋಧಿ ಕಾಳಿನ ಶೇಕಡ 83ರಷ್ಟು ಬಿಳಿಯ ತಿರುಳು, ಸುಮಾರು 14ರಷ್ಟು ಹೊಟ್ಟು, ಎರಡು ಮೂರರಷ್ಟು ಮೊಳಕೆ. ಅಕ್ಕಿಯ ಹಾಗೆ ಹೊರಗಿನಿಂದ ಉಜ್ಜಿ ಪಾಲಿಶ್ ಮಾಡಿಬಿಟ್ಟರೆ ಆಗದೆ ಎಂದರೆ, ಆಗದು. ಗೋಧಿಯ ಹೊಟ್ಟೆಯ ಬದಿಯಲ್ಲಿ ಉದ್ದಕ್ಕೂ ಒಂದು ಸೀಳು ಇದೆ. ಹೊಟ್ಟು ಆ ಸೀಳಿನ ಜೊತೆ ಕಾಳಿನ ಒಳಕ್ಕೆ ಮಡಚಿಕೊಂಡು ಹೋಗಿದೆ. ಹೊರಮೈಯನ್ನು ಎಷ್ಟು ಉಜ್ಜಿದರೂ ಮಡಿಕೆಯೊಳಗಿನ ಹೊಟ್ಟು ಹಾಗೆಯೇ ಉಳಿಯುತ್ತದೆ. ಹೀಗಾಗಿ ಗೋಧಿಯ ಮಟ್ಟಿಗೆ ದಾರಿ ತಿರುಗುಮುರುಗು: ಮೊದಲು ಕಾಳನ್ನು ಸೀಳಿ ಪುಸ್ತಕದ ಹಾಗೆ ಬಿಚ್ಚಬೇಕು, ಬಳಿಕ ಒಳಗಿನಿಂದ ತಿರುಳನ್ನು ಕೆರೆದು ತೆಗೆಯಬೇಕು, ಹೊಟ್ಟನ್ನು ಅಗಲವಾದ ಚಕ್ಕೆಯಾಗಿಯೇ ಉಳಿಸಬೇಕು. ಹೊಟ್ಟು ಚೂರಾಯಿತೋ, ಅದು ಹಿಟ್ಟಿನ ಜೊತೆ ಜರಡಿಯಿಂದ ಇಳಿದುಬಿಡುತ್ತದೆ, ಮತ್ತೆ ಯಾರೂ ಬಿಡಿಸಲಾರರು.

ಚೂರಾಗದಂತೆ ಕಾಪಾಡುವುದು ನೀರು. ಉತ್ತರ ಕರ್ನಾಟಕದ ಮನೆಗಳಲ್ಲಿ ಹುಗ್ಗಿಗೆ ಗೋಧಿ ಕುಟ್ಟುವವರು ಮೊದಲು ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಡುತ್ತಾರೆ. ಆಮೇಲೆ ಒನಕೆ ಬಿದ್ದರೆ ಸಿಪ್ಪೆ ಸುಲಿದು ಬರುತ್ತದೆ, ಕಾಳು ಉಳಿಯುತ್ತದೆ. ಮಿಲ್ಲಿನಲ್ಲಿ ಆಗುವುದೂ ಅದೇ, ಅಳತೆ ಹಿಡಿದು. ಗೋಧಿಯ ತೇವಾಂಶವನ್ನು ಶೇಕಡ 15–16.5ರ ಮಟ್ಟಕ್ಕೆ ಏರಿಸಿ, ಗಟ್ಟಿ ಗೋಧಿಯಾದರೆ ಒಂದು ರಾತ್ರಿಯೋ ಇಡೀ ದಿನವೋ ತೊಟ್ಟಿಯಲ್ಲಿ ಬಿಡುತ್ತಾರೆ. ಮೆದು ಗೋಧಿಗೆ ಅಷ್ಟು ಹೊತ್ತು ಬೇಡ. ಹೊಟ್ಟು ತೊಗಲಿನಂತೆ ಬಾಗುವ ಗುಣ ಪಡೆಯುತ್ತದೆ, ತಿರುಳು ಸಡಿಲಗೊಂಡು ಸುಲಭವಾಗಿ ಒಡೆಯುತ್ತದೆ. ಈ ಹದ ತಪ್ಪಿದ ಗೋಧಿಗೆ ಉರುಳೆಗಳ ಸಂದನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಮಿಲ್ಲಿನ ಅರ್ಧ ಕೆಲಸ ಕಾಳು ಉರುಳೆಯ ಹತ್ತಿರ ಬರುವ ಮೊದಲೇ ಮುಗಿದಿರುತ್ತದೆ ಎಂದರೆ ಹೆಚ್ಚಾಗದು.

ಇನ್ನು ಉರುಳೆ. ಅದರ ಮೊದಲ ಪ್ರಶ್ನೆ ದಪ್ಪದ್ದು. ಉರುಳೆಗಳು ಕಾಳನ್ನು ಕೆಳಗೆ ಎಳೆದುಕೊಳ್ಳುವುದು ಘರ್ಷಣೆಯ ಬಲದಿಂದ. ಕಾಳು ಎರಡು ಉರುಳೆಗೂ ತಾಗುವ ಜಾಗದಲ್ಲಿ ಮೈ ತೀರ ಇಳಿಜಾರಾಗಿದ್ದರೆ ಅದು ಒಳಗೆ ಹೋಗದೆ ಮೇಲೆಯೇ ಕುಣಿಯುತ್ತದೆ. ಮೂರು ಮಿಲಿಮೀಟರ್ ದಪ್ಪದ ಕಾಳು, ಒಂದು ಮಿಲಿಮೀಟರ್ ಸಂದು ಎಂದಿಟ್ಟುಕೊಳ್ಳೋಣ. ಉರುಳೆಯ ವ್ಯಾಸ 250 ಮಿಲಿಮೀಟರ್ ಇದ್ದರೆ ಆ ಕೋನ ಬರೀ 7 ಡಿಗ್ರಿ. ವ್ಯಾಸ 40 ಮಿಲಿಮೀಟರ್ ಆದರೆ 17 ಡಿಗ್ರಿ ದಾಟುತ್ತದೆ. ಕಾಳನ್ನು ಹಿಡಿಯಲು ಎರಡೂವರೆ ಪಟ್ಟು ಹೆಚ್ಚು ಘರ್ಷಣೆ ಬೇಕು. ದೊಡ್ಡ ಹಿಟ್ಟಿನ ಮಿಲ್ಲುಗಳ ಉರುಳೆ ಸಾಮಾನ್ಯವಾಗಿ 250 ಮಿಲಿಮೀಟರ್ ವ್ಯಾಸ, ಒಂದು ಮೀಟರಿಗೆ ಕಡಿಮೆಯಿಲ್ಲದ ಉದ್ದ ಇರುವುದಕ್ಕೆ, ಮನೆಬಳಕೆಯ ಪುಟ್ಟ ರೋಲರ್ ಮಿಲ್ಲಿನ ಉರುಳೆಗಳ ಮೈಗೆ ವಜ್ರದಚ್ಚಿನ ಗೀರು ಹೊಡೆದಿರುವುದಕ್ಕೆ ಈ ರೇಖಾಗಣಿತ ಒಂದು ದೊಡ್ಡ ಕಾರಣ. ಪುಟ್ಟ ಮಿಲ್ಲು ಕೊಂಡು, ಮೆಕ್ಕೆಜೋಳ ಒಳಗೇ ಹೋಗುತ್ತಿಲ್ಲ ಎಂದು ದೂರುವವರು ಮೋಟಾರನ್ನು ಬೈಯುತ್ತಾರೆ. ಮೋಟಾರಿನ ತಪ್ಪು ಅದರಲ್ಲಿ ಏನೂ ಇಲ್ಲ.

ಎರಡನೆಯದು ವೇಗ. ಎರಡು ಉರುಳೆ ಒಂದೇ ವೇಗದಲ್ಲಿ ತಿರುಗಿದರೆ ಕಾಳು ಚಪ್ಪಟೆಯಾಗುತ್ತದೆ, ಅಷ್ಟೆ. ಓಟ್ಸ್ ಚಕ್ಕೆಯೂ ತೆಳು ಅವಲಕ್ಕಿಯೂ ಅಂಥ ಒತ್ತಡದಿಂದ ಆಗುವಂಥವು. ಒಂದು ಉರುಳೆ ವೇಗವಾಗಿ, ಇನ್ನೊಂದು ನಿಧಾನವಾಗಿ ತಿರುಗಿದರೆ ಕತೆ ಬೇರೆ. ನಿಧಾನದ ಉರುಳೆ ಕಾಳನ್ನು ಹಿಡಿದು ನಿಲ್ಲಿಸುತ್ತದೆ, ವೇಗದ ಉರುಳೆ ಅದರ ಮೈಯನ್ನು ಕೆರೆದುಕೊಂಡು ಹೋಗುತ್ತದೆ. ಒಂದು ಕೈಯಲ್ಲಿ ತೆಂಗಿನ ಹೋಳು ಹಿಡಿದು ಇನ್ನೊಂದು ಕೈಯಲ್ಲಿ ತುರಿದ ಹಾಗೆ. ಗೋಧಿ ಸೀಳುವ ಮೊದಲ ಹಂತದ ಉರುಳೆಗಳಲ್ಲಿ ಈ ವೇಗದ ಪ್ರಮಾಣ ಸಾಮಾನ್ಯವಾಗಿ ಎರಡೂವರೆಗೆ ಒಂದು. ತಿರುಳನ್ನು ಹಿಟ್ಟು ಮಾಡುವ ಮುಂದಿನ ಹಂತಗಳಲ್ಲಿ ಒಂದೂಕಾಲಿಗೆ ಒಂದು.

ಸೀಳುವ ಉರುಳೆಗಳ ಮೈ ನುಣುಪಾಗಿರುವುದಿಲ್ಲ. ಉದ್ದಕ್ಕೂ ಹಲ್ಲು ಕೊರೆದಿರುತ್ತಾರೆ. ಮೊದಲ ಜೋಡಿಯಲ್ಲಿ ಸೆಂಟಿಮೀಟರಿಗೆ ಮೂರೋ ನಾಲ್ಕೋ ಹಲ್ಲು, ಮುಂದಿನ ಜೋಡಿಗಳಲ್ಲಿ ಹೆಚ್ಚುತ್ತಾ ಕೊನೆಗೆ ಹತ್ತರ ಆಸುಪಾಸು. ಹಲ್ಲು ಗರಗಸದ್ದರಂತೆ ಒಂದು ಕಡೆ ಕಡಿದಾದ ಮೊನೆ, ಇನ್ನೊಂದು ಕಡೆ ಇಳಿಜಾರು ಬೆನ್ನು. ಎರಡು ಉರುಳೆಯ ಮೊನೆಗೆ ಮೊನೆ ಎದುರಾಗುವಂತೆ ಜೋಡಿಸಿದರೆ ಕಾಳು ಕತ್ತರಿಸಿ ಹೋಗುತ್ತದೆ. ಬೆನ್ನಿಗೆ ಬೆನ್ನು ಎದುರಾದರೆ ಒತ್ತಿ ಒಡೆಯುತ್ತದೆ, ಹೊಟ್ಟಿನ ಚಕ್ಕೆ ದೊಡ್ಡದಾಗಿ ಉಳಿಯುತ್ತದೆ. ಉರುಳೆಯನ್ನು ಕಳಚಿ ತಲೆ ಬಾಲ ಅದಲು ಬದಲು ಮಾಡಿದರೆ ಸಾಕು, ಅದೇ ಯಂತ್ರ ಬೇರೆ ಗುಣದ ಸರಕು ಕೊಡುತ್ತದೆ. ಹಲ್ಲುಗಳನ್ನು ನೇರವಾಗಿ ಕೊರೆಯದೆ ತುಸು ಓರೆಯಾಗಿ, ಹಗ್ಗದ ಹುರಿಯಂತೆ ಸುತ್ತುವ ಹಾಗೆ ಕೊರೆಯುತ್ತಾರೆ. ಸಂದಿನಲ್ಲಿ ಎರಡು ಉರುಳೆಯ ಗೆರೆಗಳು ಕತ್ತರಿಯ ಅಲಗಿನಂತೆ ಹಾಯ್ದು ಹೋಗುತ್ತವೆ. ನೇರವಾಗಿದ್ದರೆ ಒಂದರ ಹಲ್ಲು ಇನ್ನೊಂದರ ಹಳ್ಳಕ್ಕೆ ಬಿದ್ದು, ಕಾಳು ಒಡೆಯದೆ ಜಾರಿಹೋಗುತ್ತಿತ್ತು.

ಗೋಧಿಯ ಪ್ರಯಾಣ ಹೀಗೆ ಸಾಗುತ್ತದೆ. ಮೊದಲ ಜೋಡಿಯ ಸಂದು ಅರ್ಧ ಮಿಲಿಮೀಟರಿನಷ್ಟು. ಅಲ್ಲಿ ಕಾಳು ಬಿಚ್ಚಿಕೊಳ್ಳುತ್ತದೆ, ಹಿಟ್ಟು ಬರುವುದು ಅತ್ಯಲ್ಪ. ಬಿದ್ದದ್ದನ್ನೆಲ್ಲ ಜರಡಿಗೆ ಹಾಯಿಸುತ್ತಾರೆ. ದೊಡ್ಡ ಚಕ್ಕೆಗಳು ಎರಡನೆಯ ಜೋಡಿಗೆ, ಅಲ್ಲಿಂದ ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಪ್ರತಿ ಸಲವೂ ಹಲ್ಲು ಸಣ್ಣದು, ಸಂದು ಕಿರಿದು. ಕೊನೆಗೆ ಉಳಿಯುವ ತಿರುಳಿಲ್ಲದ ಚಕ್ಕೆಯೇ ದನಗಳಿಗೆ ಹಾಕುವ ಗೋಧಿ ಬೂಸಾ. ಪ್ರತಿ ಜರಡಿಯಲ್ಲೂ ಉದುರುವ ಹರಳುಹರಳಾದ ತಿರುಳೇ ರವೆ. ಅದರ ಜೊತೆ ಬಂದ ಹಗುರ ಹೊಟ್ಟಿನ ಚೂರುಗಳನ್ನು ಗಾಳಿ ಎಳೆದು ಬೇರೆ ಮಾಡುವ ಯಂತ್ರವೂ ಇದೆ. ಮೊರದಲ್ಲಿ ಕೇರುವ ಕೈಗೆ ಇದರ ತತ್ವ ಗೊತ್ತೇ ಇದೆ. ರವೆಯಲ್ಲಿ ದಪ್ಪನೆಯದು ಉಪ್ಪಿಟ್ಟಿಗೆ, ನುಣ್ಣನೆಯದು ಚಿರೋಟಿ ರವೆ ಎಂಬ ಹೆಸರಿನಲ್ಲಿ ಅಂಗಡಿಗೆ. ಬನ್ಸಿ ರವೆಯ ಹಳದಿ ಬಣ್ಣಕ್ಕೆ ಕಾರಣ ಬೇರೆ ಜಾತಿಯ ಗಟ್ಟಿ ಗೋಧಿ. ರವೆಯಾಗಿ ಮಾರದೆ ಉಳಿದದ್ದು ನುಣುಪು ಉರುಳೆಗಳ ಸಾಲಿಗೆ ಹೋಗುತ್ತದೆ. ಅಲ್ಲಿ ಸಂದು ತಲೆಗೂದಲಿನ ದಪ್ಪಕ್ಕೆ ಬಂದು ನಿಲ್ಲುತ್ತದೆ, ತಿರುಳು ಹಂತ ಹಂತವಾಗಿ ಮೈದಾ ಆಗುತ್ತದೆ.

ಈ ನುಣುಪು ಉರುಳೆಗಳಲ್ಲಿ ನಡೆಯುವ ಒಂದು ಚಮತ್ಕಾರವನ್ನು ಮಿಲ್ಲಿನವರು ಮಾಮೂಲು ಎಂಬಂತೆ ನೋಡುತ್ತಾರೆ. ಹೊರಗಿನವರಿಗೆ ಅದು ಬೆರಗು. ಗೋಧಿಯ ಮೊಳಕೆಯಲ್ಲಿ ಎಣ್ಣೆಯಿದೆ, ಅದು ಮೇಣದಂತೆ ಮೆತ್ತಗೆ. ಒತ್ತಡ ಬಿದ್ದಾಗ ತಿರುಳು ಪುಡಿಯಾಗುತ್ತದೆ, ಮೊಳಕೆ ಮಾತ್ರ ಪುಡಿಯಾಗದೆ ಚಪ್ಪಟೆ ಬಿಲ್ಲೆಯಾಗುತ್ತದೆ. ಜರಡಿಯ ಮೇಲೆ ಬಿಲ್ಲೆಗಳು ಉಳಿದುಕೊಳ್ಳುತ್ತವೆ. ಒಂದೇ ಪೆಟ್ಟಿಗೆ ಮೂರು ವಸ್ತು ಮೂರು ಬಗೆಯಲ್ಲಿ ಸ್ಪಂದಿಸುತ್ತವೆ: ಹೊಟ್ಟು ಬಾಗುತ್ತದೆ, ತಿರುಳು ಒಡೆಯುತ್ತದೆ, ಮೊಳಕೆ ಹರಡಿಕೊಳ್ಳುತ್ತದೆ. ಎಣ್ಣೆಯ ಅಂಶ ಹೊರಗೆ ಹೋದ ಕಾರಣ ಮೈದಾ ಬೇಗ ಕಮಟು ವಾಸನೆ ಹಿಡಿಯುವುದಿಲ್ಲ, ತಿಂಗಳುಗಟ್ಟಲೆ ಇಡಬಹುದು, ಹಡಗಿನಲ್ಲಿ ದೂರದ ದೇಶಕ್ಕೂ ಕಳಿಸಬಹುದು. ಮೈದಾದ ವ್ಯಾಪಾರ ಬೆಳೆದದ್ದರಲ್ಲಿ ಬಣ್ಣದಷ್ಟೇ ಈ ಬಾಳಿಕೆಗೂ ಪಾಲಿದೆ.

ಎದುರುಬದುರು ತಿರುಗುವ ಎರಡು ಉರುಳೆ ಭಾರತಕ್ಕೆ ಹಳೆಯದು. ಹತ್ತಿಯಿಂದ ಬೀಜ ಬಿಡಿಸುವ ಕೈಯಂತ್ರದಲ್ಲಿ ಅದು ಶತಮಾನಗಳ ಹಿಂದೆಯೇ ಇತ್ತು. ಗೋಧಿಗೆ ಅದನ್ನು ಪಳಗಿಸಿದ್ದು ಮಾತ್ರ ಮಧ್ಯ ಯುರೋಪು. ಹಂಗೇರಿಯ ಗೋಧಿ ಗಟ್ಟಿ ಜಾತಿಯದು. ಅದನ್ನು ಕಲ್ಲಿನಲ್ಲಿ ಒಂದೇ ಸಲ ಬೀಸಿದರೆ ಹೊಟ್ಟು ಚೂರಾಗಿ ಹಿಟ್ಟಿನ ತುಂಬ ಕಂದು ಚುಕ್ಕೆ. ಅಲ್ಲಿನ ಗಿರಣಿಯವರು ಮೇಲಿನ ಕಲ್ಲನ್ನು ಎತ್ತರಿಸಿ, ಒಮ್ಮೆ ಒಡೆದು, ಜರಡಿ ಹಿಡಿದು, ಕಲ್ಲನ್ನು ಸ್ವಲ್ಪ ಇಳಿಸಿ ಮತ್ತೆ ಬೀಸುವ ಹಲವು ಹಂತಗಳ ಪದ್ಧತಿಯನ್ನು ಆಗಲೇ ರೂಢಿಸಿಕೊಂಡಿದ್ದರು. ಎಂದರೆ ಉರುಳೆ ಬರುವುದಕ್ಕೂ ಮೊದಲೇ ಅದರ ಯೋಚನೆ ಬಂದಿತ್ತು. ಕಲ್ಲು ಅದಕ್ಕೆ ಒಗ್ಗುವ ಸಾಧನವಾಗಿರಲಿಲ್ಲ. 1830ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಯಾಕೊಬ್ ಸುಲ್ಜ್‌ಬರ್ಗರ್ ರೂಪಿಸಿದ ಉರುಳೆ ಗಿರಣಿ ಪೆಸ್ಟ್ ನಗರಕ್ಕೂ ಬಂತು. ಆದರೆ ಆ ಕಾಲದ ಕಬ್ಬಿಣದ ಉರುಳೆಗಳು ಬೇಗ ಸವೆಯುತ್ತಿದ್ದವು, ಸಂದು ಕೆಡುತ್ತಿತ್ತು. 1870ರ ದಶಕದಲ್ಲಿ ಇನ್ನೊಬ್ಬ ಸ್ವಿಸ್ ತಂತ್ರಜ್ಞ ಫ್ರೀಡ್ರಿಕ್ ವೆಗ್ಮನ್ ಪಿಂಗಾಣಿ ಉರುಳೆಗಳನ್ನು ತಂದ.

ಸವೆತದ ಸಮಸ್ಯೆಗೆ ಉತ್ತರ ಸಿಕ್ಕಿದ್ದು ರೈಲಿನ ಗಾಲಿಯಿಂದ. ಬುಡಾದಲ್ಲಿ ಎರಕದ ಕಾರ್ಖಾನೆ ನಡೆಸುತ್ತಿದ್ದ ಆಬ್ರಹಾಂ ಗಾಂಜ್ ರೈಲು ಗಾಲಿಗಳನ್ನು ಕಬ್ಬಿಣದ ಅಚ್ಚಿನಲ್ಲಿ ಎರಕ ಹೊಯ್ಯುತ್ತಿದ್ದ. ಕಾದ ಲೋಹ ತಣ್ಣನೆಯ ಅಚ್ಚಿಗೆ ತಾಗಿದ ಕೂಡಲೇ ಹೊರಪದರ ಸರ್ರನೆ ಆರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಒಳಗಿನದು ನಿಧಾನವಾಗಿ ಆರಿ ಅಷ್ಟು ಸುಲಭಕ್ಕೆ ಬಿರಿಯದ ಕಬ್ಬಿಣವಾಗಿ ಉಳಿಯುತ್ತದೆ. ಗಾಂಜ್ ತೀರಿಕೊಂಡ ಮೇಲೆ ಆ ಕಾರ್ಖಾನೆಯ ಹೊಣೆ ಹೊತ್ತ ಆಂದ್ರಾಶ್ ಮೆಖ್‌ವಾರ್ಟ್ ಇದೇ ವಿದ್ಯೆಯಲ್ಲಿ ಗಿರಣಿಯ ಉರುಳೆಗಳನ್ನು ಎರೆದು, ಅವುಗಳ ಮೈಗೆ ಓರೆ ಹಲ್ಲು ಕೊರೆದು 1874ರಲ್ಲಿ ಪೇಟೆಂಟ್ ಪಡೆದ. ಇಂದಿನ ಮಿಲ್ಲುಗಳ ಉರುಳೆಯೂ ಮೂಲದಲ್ಲಿ ಅದೇ. ಬುಡಾಪೆಸ್ಟಿನಲ್ಲೇ ಕಾರ್ಲ್ ಹ್ಯಾಗನ್‌ಮಾಕರ್ 1880ರ ದಶಕದ ಕೊನೆಯಲ್ಲಿ ಒಂದರ ಮೇಲೊಂದು ಪೇರಿಸಿದ ಜರಡಿಗಳು ವೃತ್ತಾಕಾರವಾಗಿ ತೊನೆಯುವ ಪ್ಲಾನ್‌ಸಿಫ್ಟರನ್ನು ತಂದ. ಉರುಳೆಗೆ ಸಿಕ್ಕ ಕೀರ್ತಿಯಲ್ಲಿ ಅರ್ಧ ಈ ಜರಡಿಗೆ ಸಲ್ಲಬೇಕು. ಬೇರ್ಪಡಿಸಿದ್ದನ್ನು ಬೇರೆಯಾಗಿಯೇ ಇಡುವ ಸಾಧನವಿಲ್ಲದಿದ್ದರೆ ಬೇರ್ಪಡಿಸಿ ಉಪಯೋಗವೇನು?

ಅಮೆರಿಕದ ಮಿನ್ನಿಯಾಪೊಲಿಸ್ ಉರುಳೆ ಪದ್ಧತಿಯನ್ನು ಕೈಗೆತ್ತಿಕೊಂಡ ಹೊತ್ತಿನಲ್ಲಿ ಒಂದು ದುರಂತವೂ ನಡೆಯಿತು. 1878ರ ಮೇ 2ರ ಸಂಜೆ ಅಲ್ಲಿನ ವಾಶ್‌ಬರ್ನ್ ‘ಎ’ ಮಿಲ್ಲು ಹಿಟ್ಟಿನ ಧೂಳಿಗೆ ಕಿಡಿ ತಗುಲಿ ಸ್ಫೋಟಗೊಂಡು 18 ಜನ ಸತ್ತರು. ಆಗ ಅಲ್ಲಿದ್ದದ್ದು ಕಲ್ಲುಗಳು. ಕಲ್ಲಿಗೆ ಕಲ್ಲು ತಾಗಿದರೆ ಕಿಡಿ ಹಾರುವುದು ಬೀಸಿದವರಿಗೆಲ್ಲ ಗೊತ್ತು. ಗಾಳಿಯಲ್ಲಿ ತೇಲುವ ಹಿಟ್ಟು ಮದ್ದಿನಂತೆ ಉರಿಯುತ್ತದೆ ಎಂಬುದು ಆ ಊರಿಗೆ ಹೀಗೆ ಮನದಟ್ಟಾಯಿತು. ಮತ್ತೆ ಕಟ್ಟಿದ ಮಿಲ್ಲಿನಲ್ಲಿ ಉರುಳೆಗಳೂ ಧೂಳು ಹೀರುವ ವ್ಯವಸ್ಥೆಯೂ ಬಂದವು. ಅದೇ 1878ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹೆನ್ರಿ ಸೈಮನ್ ಉರುಳೆ ಗಿರಣಿ ಸ್ಥಾಪಿಸಿದ. ಹತ್ತಿಪ್ಪತ್ತು ವರ್ಷಗಳಲ್ಲಿ ಯುರೋಪು, ಅಮೆರಿಕಗಳ ದೊಡ್ಡ ಗಿರಣಿಗಳಲ್ಲಿ ಕಲ್ಲು ಮೂಲೆ ಸೇರಿತು.

ಇಷ್ಟು ಹೊತ್ತಿಗೆ ಯಂತ್ರ ತಯಾರಾಯಿತು. ಅದನ್ನು ಹದಕ್ಕೆ ತರುವ ವಿದ್ಯೆ ಬೇರೆಯೇ. ಒಂದು ಉರುಳೆಯ ಗೂಟ ಅಲುಗದಂತೆ ಭದ್ರವಾಗಿರುತ್ತದೆ, ಇನ್ನೊಂದರ ಎರಡೂ ತುದಿ ಒಂದೊಂದು ಕೈಚಕ್ರಕ್ಕೆ ಸೇರಿರುತ್ತವೆ. ಎಡ ತುದಿಗೆ ಒಂದು, ಬಲ ತುದಿಗೆ ಒಂದು. ಎರಡೂ ಸಮನಾಗಿರದಿದ್ದರೆ ಒಂದು ಬದಿಯಲ್ಲಿ ಕಾಳು ಇಡಿಯಾಗಿ ಜಾರುತ್ತದೆ, ಇನ್ನೊಂದು ಬದಿಯಲ್ಲಿ ನುಣ್ಣಗಾಗಿ ಬಿಸಿಯೇರುತ್ತದೆ. ಯಂತ್ರ ನಿಂತಿರುವಾಗ ಫೀಲರ್ ಗೇಜಿನಿಂದ ಅಳೆಯಬಹುದು. ದ್ವಿಚಕ್ರ ವಾಹನದ ಮೆಕ್ಯಾನಿಕ್ ಟ್ಯಾಪೆಟ್ ಹೊಂದಿಸುವ ಅದೇ ತೆಳು ತಗಡುಗಳ ಕಟ್ಟು. ಓಡುವ ಯಂತ್ರಕ್ಕೆ ಮಾತ್ರ ಆ ಅಳತೆ ಸಾಲದು. ಉರುಳೆ ತಿರುಗಿ ಕಾದಂತೆ ಹಿಗ್ಗುತ್ತದೆ, ಬೇರಿಂಗಿಗೆ ಹತ್ತಿರದ ತುದಿಗಳು ಇನ್ನಷ್ಟು ಹಿಗ್ಗುತ್ತವೆ. ಬೆಳಿಗ್ಗೆ ತಣ್ಣಗಿದ್ದಾಗ ಇಟ್ಟ ಸಂದು ಮಧ್ಯಾಹ್ನಕ್ಕೆ ಇರುವುದಿಲ್ಲ. ನುಣುಪು ಉರುಳೆಗಳ ತುದಿಗಳನ್ನು ತಯಾರಿಸುವಾಗಲೇ ತುಸು ಸಣ್ಣಗೆ ಅರೆದಿರುವುದು ಈ ಹಿಗ್ಗುವಿಕೆಗೆಂದೇ. ಕಾಳಿನ ತೇವ, ಹಲ್ಲಿನ ಸವೆತ, ಗೋಧಿಯ ಗಟ್ಟಿತನ ಒಂದೊಂದೂ ಸಂದಿನ ಲೆಕ್ಕವನ್ನು ಬದಲಿಸುತ್ತವೆ. ಹೀಗಾಗಿ ಇಂತಿಷ್ಟು ಮಿಲಿಮೀಟರ್ ಎಂದು ಪುಸ್ತಕದಲ್ಲಿ ಬರೆದಿಟ್ಟ ಅಂಕಿ ಶುರು ಮಾಡುವುದಕ್ಕೆ ಒಂದು ಆಸರೆ, ಅದಕ್ಕಿಂತ ಹೆಚ್ಚೇನೂ ಅಲ್ಲ.

ಅನುಭವಿ ಮಿಲ್ಲರ್ ನೋಡುವುದು ಉರುಳೆಯ ಕೆಳಗೆ ಬಿದ್ದದ್ದನ್ನು. ಅವನು ಬಾಗಿಲು ತೆರೆದು ಎಡ, ನಡು, ಬಲ ಮೂರೂ ಕಡೆ ಅಂಗೈ ಒಡ್ಡಿ ಸರಕು ಹಿಡಿಯುತ್ತಾನೆ. ಬೆರಳಿನಲ್ಲಿ ತಿಕ್ಕಿ ಹರಳು ಎಷ್ಟಿದೆ, ಹಿಟ್ಟು ಎಷ್ಟಿದೆ, ಬೆಚ್ಚಗಿದೆಯೋ ಬಿಸಿಯಾಗಿದೆಯೋ ಎಂದು ಲೆಕ್ಕ ಹಾಕುತ್ತಾನೆ. ಗುಮಾನಿ ಬಂದರೆ ನೂರು ಗ್ರಾಂ ತೂಗಿ ಗೊತ್ತಾದ ಕಣ್ಣಿನ ಜರಡಿಗೆ ಹಾಕಿ, ನಿಗದಿತ ಹೊತ್ತು ಅಲುಗಿಸಿ, ಇಳಿದದ್ದನ್ನು ತೂಗುತ್ತಾನೆ. ಮೊದಲ ಜೋಡಿಯಲ್ಲಿ ನೂರಕ್ಕೆ ಮೂವತ್ತು ಇಳಿಯಬೇಕಾದಲ್ಲಿ ನಲವತ್ತು ಇಳಿದರೆ ಸಂದು ಬಿಗಿಯಾಗಿದೆ. ಮುಂದಿನ ಜೋಡಿಗೆ ಹೋಗಬೇಕಾದ ಹೊರೆ ಕಡಿಮೆಯಾಗಿ ಇಡೀ ಮಿಲ್ಲಿನ ಹರಿವು ಏರುಪೇರಾಗುತ್ತದೆ. ಒಂದು ಕಡೆಯ ಚಕ್ರವನ್ನು ಅಂಗುಲ ತಿರುಗಿಸಿದರೆ ಮೂರು ಅಂತಸ್ತು ಮೇಲಿನ ಜರಡಿ ಕಟ್ಟಿಕೊಳ್ಳುವುದುಂಟು. ಹೊಸ ಮಿಲ್ಲುಗಳಲ್ಲಿ ಮೋಟಾರು ಮತ್ತು ಕಂಪ್ಯೂಟರು ಸಂದನ್ನು ಹೊಂದಿಸುತ್ತವೆ. ಆದರೂ ಅಂಗೈ ಒಡ್ಡುವ ರೂಢಿ ತಪ್ಪಿಲ್ಲ. ಈ ವಿದ್ಯೆಯನ್ನು ಕಲಿಸುವ ಅಂತರರಾಷ್ಟ್ರೀಯ ಗಿರಣಿ ತಂತ್ರಜ್ಞಾನ ಶಾಲೆ ಇರುವುದು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಆವರಣದಲ್ಲಿ ಎಂಬುದು ಆ ಊರಿನವರಲ್ಲೇ ಅನೇಕರಿಗೆ ತಿಳಿದಿರಲಾರದು.

ಒಂದು ಎಚ್ಚರಿಕೆ ಎಲ್ಲ ಅಳತೆಯ ಯಂತ್ರಕ್ಕೂ ಅನ್ವಯಿಸುತ್ತದೆ. ಕಾಳಿಲ್ಲದೆ ಬಿಗಿ ಸಂದಿನಲ್ಲಿ ಉರುಳೆಗಳನ್ನು ಓಡಿಸಬಾರದು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಹಲ್ಲು ಹೋಯಿತು. ದೊಡ್ಡ ಮಿಲ್ಲುಗಳಲ್ಲಿ ಕಾಳಿನ ಹರಿವು ನಿಂತ ಕ್ಷಣವೇ ಉರುಳೆಗಳು ತಾವಾಗಿ ದೂರ ಸರಿಯುತ್ತವೆ. ಮೊಳೆಯೋ ಬೋಲ್ಟೋ ಬಂದರೆ ಹಿಂದಕ್ಕೆ ಸರಿಯಲು ಸ್ಪ್ರಿಂಗ್ ಇರುತ್ತದೆ, ಅದಕ್ಕೂ ಮೊದಲು ಆಯಸ್ಕಾಂತ. ಚಿಕ್ಕ ಯಂತ್ರ ಕೊಳ್ಳುವವರು ಬಣ್ಣ ನೋಡುವ ಬದಲು ಈ ಮೂರು ಇವೆಯೇ ಎಂದು ನೋಡುವುದು ಒಳ್ಳೆಯದು.

ಬಿಯರ್ ತಯಾರಿಸುವವರಿಗೆ ಬೇಕಾದ ಸಂದು ಹಿಟ್ಟಿನ ಮಿಲ್ಲಿನದಕ್ಕಿಂತ ಎಷ್ಟೋ ಸಡಿಲ, ಒಂದು ಮಿಲಿಮೀಟರಿನ ಆಚೆ ಈಚೆ. ಬಾರ್ಲಿ ಮಾಲ್ಟಿನ ಒಳಗಿನ ಪಿಷ್ಟ ನುಚ್ಚಾಗಬೇಕು, ಹೊರಗಿನ ಸಿಪ್ಪೆ ಇಡಿಯಾಗಿ ಉಳಿಯಬೇಕು. ಬಿಸಿನೀರಿನಲ್ಲಿ ನೆನೆಸಿದ ಮೇಲೆ ಆ ಸಿಪ್ಪೆಗಳೇ ಪಾತ್ರೆಯ ತಳದಲ್ಲಿ ಕೂತು ಸೋಸುವ ಹಾಸಿಗೆಯಾಗುತ್ತವೆ. ಹಿಟ್ಟು ಹೆಚ್ಚಾದರೆ ಹಾಸಿಗೆ ಕಟ್ಟಿಕೊಂಡು ರಸ ಕೆಳಗೆ ಇಳಿಯದು. ನುಚ್ಚು ದಪ್ಪವಾದರೆ ಸಕ್ಕರೆ ಅಂಶ ಕಾಳಿನಲ್ಲೇ ಉಳಿದು ನಷ್ಟ. ಬೆಂಗಳೂರಿನ ಮೈಕ್ರೋಬ್ರೂವರಿಗಳ ಮೂಲೆಯಲ್ಲಿ ಗಡಗಡ ಸದ್ದು ಮಾಡುವ ಎರಡು ಉರುಳೆಯ ಯಂತ್ರ ಮಾಡುವ ಕೆಲಸ ಇದೇ; ದೊಡ್ಡ ಕಾರ್ಖಾನೆಗಳಲ್ಲಿ ನಾಲ್ಕು, ಆರು ಉರುಳೆಗಳಿರುತ್ತವೆ. ಸಿಪ್ಪೆ ಪುಡಿಯಾಗದಿರಲೆಂದು ಇಲ್ಲಿಯೂ ಕೆಲವರು ಮಾಲ್ಟಿಗೆ ಮೊದಲೇ ನೀರೋ ಹಬೆಯೋ ಸೋಕಿಸುತ್ತಾರೆ. ಹುಗ್ಗಿಯ ಗೋಧಿಯ ಉಪಾಯ ಇಲ್ಲಿಗೂ ಬಂದಿದೆ.

ದನದ ಮೇವಿಗೆ ಕಾಳು ಒಡೆಯುವಲ್ಲಿ ರೋಲರ್ ಮಿಲ್ಲಿನ ಎದುರಾಳಿ ಹ್ಯಾಮರ್ ಮಿಲ್. ಅದರಲ್ಲಿ ಸುತ್ತುವ ಸುತ್ತಿಗೆಗಳು ಕಾಳನ್ನು ಬಡಿದು, ಸುತ್ತಲಿನ ತೂತು ತಗಡಿನಿಂದ ಹೊರಬೀಳುವವರೆಗೂ ಬಡಿಯುತ್ತವೆ. ಅದು ಒರಟು, ಕಾಳು, ದಂಟು, ಹಿಂಡಿ ಯಾವುದನ್ನು ಹಾಕಿದರೂ ನುಂಗುತ್ತದೆ. ಆದರೆ ನುಚ್ಚಿನ ಜೊತೆ ದೂಳೂ ಸಾಕಷ್ಟು ಬರುತ್ತದೆ, ವಿದ್ಯುತ್ತೂ ಹೆಚ್ಚು, ನುಚ್ಚಿನ ಗಾತ್ರ ಬದಲಿಸಲು ತಗಡನ್ನೇ ಬದಲಿಸಬೇಕು. ಉರುಳೆಯಲ್ಲಿ ಚಕ್ರ ತಿರುಗಿಸಿದರೆ ಆಯಿತು, ಬರುವ ಚೂರುಗಳೂ ಬಹುಮಟ್ಟಿಗೆ ಒಂದೇ ಗಾತ್ರ. ಹಸುವಿಗೆ ಗಾತ್ರ ಮುಖ್ಯ. ಇಡೀ ಜೋಳ ತಿಂದರೆ ಒಂದಷ್ಟು ಕಾಳು ಹಾಗೆಯೇ ಸಗಣಿಯಲ್ಲಿ ಹೋಗುತ್ತದೆ. ನುಣ್ಣನೆ ಹಿಟ್ಟು ಹೆಚ್ಚು ತಿಂದರೆ ಮೆಲುಕು ಹಾಕುವ ಹೊಟ್ಟೆಯಲ್ಲಿ ಅದು ತೀರ ಬೇಗ ಹುಳಿತು ಆಮ್ಲ ಏರುತ್ತದೆ. ಒಡೆದ ಕಾಳು ಇವೆರಡರ ನಡುವಿನದು. ಬರೀ ಕಾಳನ್ನೇ ಒಡೆಯುವ ಡೈರಿಯವರಿಗೆ ಉರುಳೆ ಮೇಲು. ಎಲ್ಲವನ್ನೂ ಒಂದೇ ಯಂತ್ರಕ್ಕೆ ತುರುಕುವವರಿಗೆ ಸುತ್ತಿಗೆಯೇ ಸರಿ.

ಕರ್ನಾಟಕದ ಭತ್ತ ಬೆಳೆಯುವ ಸೀಮೆಗೆ ಉರುಳೆಗಳು ಇನ್ನೊಂದು ವೇಷದಲ್ಲಿ ಬಂದವು. ಅಕ್ಕಿ ಗಿರಣಿಯ ಶೆಲ್ಲರಿನಲ್ಲಿ ಎರಡು ರಬ್ಬರ್ ಉರುಳೆಗಳಿವೆ. ಸಂದು ಭತ್ತದ ದಪ್ಪಕ್ಕಿಂತ ಕಡಿಮೆ, ಒಂದು ಉರುಳೆಯ ವೇಗ ಇನ್ನೊಂದಕ್ಕಿಂತ ಕಾಲು ಭಾಗ ಹೆಚ್ಚು. ರಬ್ಬರು ಭತ್ತದ ಎರಡು ಮಗ್ಗುಲನ್ನೂ ಮೆತ್ತಗೆ ಅಪ್ಪಿ ಎರಡು ದಿಕ್ಕಿಗೆ ಎಳೆಯುತ್ತದೆ, ಉಮಿ ಅಂಗಿ ಕಳಚಿದಂತೆ ಬಿಡುತ್ತದೆ, ಅಕ್ಕಿ ಒಡೆಯದೆ ಈಚೆ ಬರುತ್ತದೆ. ಹಳೆಯ ಹಲ್ಲರಿನಲ್ಲಿ ಭತ್ತ ಕಬ್ಬಿಣದೊಳಗೆ ಉಜ್ಜಾಡಿ ನುಚ್ಚಾಗುತ್ತಿದ್ದುದನ್ನು ಕಂಡವರಿಗೆ ವ್ಯತ್ಯಾಸ ವಿವರಿಸಬೇಕಾಗಿಲ್ಲ. ವೇಗದ ಉರುಳೆಯ ರಬ್ಬರು ಬೇಗ ಸವೆದು ಅದರ ವ್ಯಾಸ ಕುಗ್ಗುತ್ತದೆ. ಸುತ್ತು ಅಷ್ಟೇ ಇದ್ದರೂ ಮೈಯ ವೇಗ ಇಳಿದು ಎರಡರ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ, ಉಮಿ ಬಿಡುವುದು ನಿಲ್ಲುತ್ತದೆ. ಆಗ ಎರಡು ಉರುಳೆಗಳನ್ನು ಅದಲು ಬದಲು ಮಾಡುತ್ತಾರೆ, ಸಂದನ್ನು ಮತ್ತೆ ಹೊಂದಿಸುತ್ತಾರೆ.

ರೋಲರ್ ಮಿಲ್ಲಿನ ಮೇಲೆ ಒಂದು ದೂರು ಹಳೆಯದು: ಅದು ಗೋಧಿಯ ಸತ್ವವನ್ನೆಲ್ಲ ಬೂಸಾಕ್ಕೆ ಕಳಿಸಿ ಜನರಿಗೆ ಬರೀ ಪಿಷ್ಟ ತಿನ್ನಿಸುತ್ತದೆ ಎಂದು. ದೂರಿನಲ್ಲಿ ಹುರುಳಿದೆ. ನೂರು ಕಿಲೋ ಗೋಧಿಯಿಂದ ಎಪ್ಪತ್ತೈದರ ಆಸು ಪಾಸಿನ ಬಿಳಿ ಹಿಟ್ಟು ತೆಗೆದಾಗ ಹೊಟ್ಟು, ಮೊಳಕೆಗಳ ಜೊತೆ ಬಿ ಗುಂಪಿನ ಜೀವಸತ್ವಗಳು, ಕಬ್ಬಿಣ, ನಾರು ಬಹುಪಾಲು ಹೊರಗೆ ಹೋಗುತ್ತವೆ. ಆದರೆ ಅಪರಾಧ ಯಂತ್ರದ್ದಲ್ಲ. ಬೇರ್ಪಡಿಸಿದ ಹೊಟ್ಟನ್ನು ನುಣ್ಣಗೆ ಮಾಡಿ ಮತ್ತೆ ಹಿಟ್ಟಿಗೇ ಸೇರಿಸುವುದು ಅದೇ ಮಿಲ್ಲಿನಲ್ಲಿ ಸಾಧ್ಯ, ಹಾಗೆ ಮಾಡುವವರೂ ಇದ್ದಾರೆ. ಬಿಳಿ ಬಣ್ಣವನ್ನು ಬಯಸಿದ್ದು ಕೊಳ್ಳುವವರು. ಚಪಾತಿಯ ವಿಷಯದಲ್ಲಿ ಮಾತ್ರ ಕಲ್ಲಿನ ಕಡೆಗೆ ವಾಲಲೇಬೇಕು. ಕಲ್ಲಿನ ಉಜ್ಜುವಿಕೆಗೂ ಕಾವಿಗೂ ಪಿಷ್ಟದ ಕಣಗಳು ಹೆಚ್ಚು ಜಜ್ಜಿ ಹೋಗುತ್ತವೆ. ಜಜ್ಜಿದ ಪಿಷ್ಟ ಹೆಚ್ಚು ನೀರು ಕುಡಿಯುತ್ತದೆ, ಹಿಟ್ಟು ಮೆತ್ತಗೆ ನಾದಿಕೊಳ್ಳುತ್ತದೆ, ಚಪಾತಿ ಹೊತ್ತು ಕಳೆದರೂ ತೊಗಲಾಗುವುದಿಲ್ಲ. ಬಿಸ್ಕತ್ತಿಗೆ ಇದರ ತದ್ವಿರುದ್ಧ ಹಿಟ್ಟು ಬೇಕು, ಅಲ್ಲಿ ಉರುಳೆಗೆ ಸಾಟಿಯಿಲ್ಲ.

ಉರುಳೆಗೆ ಬಗ್ಗದ ಕಾಳು ರಾಗಿ. ಒಂದೂವರೆ ಮಿಲಿಮೀಟರಿನ ಪುಟ್ಟ ಗುಂಡು. ಕೆಂಪು ಸಿಪ್ಪೆ ತಿರುಳಿಗೆ ಅಂಟಿಕೊಂಡಿದೆ, ತಿರುಳೋ ಮೆದು. ಒತ್ತಿದರೆ ಎರಡೂ ಒಟ್ಟಿಗೆ ಪುಡಿಯಾಗುತ್ತವೆ, ಚಕ್ಕೆ ಬೇರೆ ಹರಳು ಬೇರೆ ಎಂಬ ಮಾತೇ ಇಲ್ಲ. ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ತಿರುಳನ್ನು ಗಟ್ಟಿ ಮಾಡಿದ ಮೇಲಷ್ಟೇ ಸಿಪ್ಪೆ ತೆಗೆಯುವ ದಾರಿ ಕಂಡರು. ಹಾಗೆ ಸುಲಿದ ರಾಗಿಯನ್ನು ಅನ್ನದಂತೆ ಬೇಯಿಸಬಹುದು. ಮುದ್ದೆಗೆ ಅದೇನೂ ಬೇಕಾಗಿಲ್ಲ. ಸಿಪ್ಪೆ ಸಮೇತ ನುಣ್ಣಗಾದ ಹಿಟ್ಟೇ ಅದಕ್ಕೆ ಸರಿ, ಅದನ್ನು ಮಾಡಲು ಊರಿನ ಹಿಟ್ಟಿನ ಗಿರಣಿಯ ಎರಡು ಕಲ್ಲು ಸಾಕು.